ಒರತೆಯ ನೀರು, ಹಸೆಯ ಬಟ್ಟೆ

ನನ್ನ ಹತ್ತೊಂಬತ್ತನೆಯ ವಯಸ್ಸಿನ ಬೇಸಿಗೆಯನ್ನು ನೆನೆದಾಗಲೆಲ್ಲ ಮೊದಲು ಕಾಣುವುದು ಒಂದು ಔಷಧಿ ಶೀಷೆ. ಕೆರೆಯ ಏರಿಯ ಮೇಲೆ, ಹೊಂಗೆಮರದ ನೆರಳಿನಲ್ಲಿ ನಾನು ಅದನ್ನು ಹಿಡಿದು ಕೂತಿದ್ದೇನೆ. ಒಳಗೆ ಅರ್ಧ ನೀರು. ತುಂಬಿಸಿದಾಗ ಕನ್ನಡಿಯಂತಿದ್ದ ನೀರು ಕುಲುಕಿದಂತೆಲ್ಲ ಮೊದಲು ಮಬ್ಬಾಗಿ, ಆಮೇಲೆ ಹಳದಿಯಾಗಿ, ಕೊನೆಗೆ ಬೆಲ್ಲದ ಪಾನಕದ ಬಣ್ಣಕ್ಕೆ ತಿರುಗುತ್ತದೆ. ಈ ಚಿತ್ರದಲ್ಲಿ ಎಲ್ಲವೂ ಸ್ಪಷ್ಟವಾಗಿದೆ, ಶೀಷೆಯ ಮೇಲೆ ಅರ್ಧ ಕಿತ್ತುಹೋಗಿದ್ದ ಚೀಟಿ ಕೂಡ. ಅದಕ್ಕೇ ನನಗೆ ಅನುಮಾನ. ಮೈಸೂರಿನ ಕಾಲೇಜಿನ ಪ್ರಯೋಗಶಾಲೆಯಲ್ಲಿ ಕಬ್ಬಿಣದ ಲವಣಗಳನ್ನು ಗಾಳಿಗಿಟ್ಟು ನೋಡಿದ್ದು ಅದರ ಹಿಂದಿನ ವರ್ಷವೋ ಮುಂದಿನ ವರ್ಷವೋ ಈಗ ಹೇಳಲಾರೆ. ಎರಡು ಬೇರೆ ಬೇರೆ ಶೀಷೆಗಳು ನನ್ನ ತಲೆಯೊಳಗೆ ಸೇರಿ ಒಂದಾಗಿರಬಹುದು.

ಅನುಮಾನವಿಲ್ಲದ್ದನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮೂರು ಯಳಂದೂರು ಸೀಮೆಯ ಅಗರದಿಂದ ನಡೆದುಹೋಗುವಷ್ಟು ದೂರದಲ್ಲಿತ್ತು. ಆಗ ಯಳಂದೂರು ಮೈಸೂರಿಗೆ ಸೇರಿತ್ತು, ಕೊಳ್ಳೇಗಾಲ ಮದ್ರಾಸಿಗೆ. ಕೊಳ್ಳೇಗಾಲದ ಸಂತೆಗೆ ಹೋಗಿ ಬಂದವರನ್ನು ನಮ್ಮ ದೊಡ್ಡಪ್ಪ ಕುಂಪಣಿ ಸೀಮೆಯಲ್ಲಿ ಏನು ವಿಶೇಷ ಎಂದು ಕೇಳುತ್ತಿದ್ದರು, ಎಲ್ಲೋ ಹಡಗು ಹತ್ತಿ ಹೋಗಿ ಬಂದವರನ್ನು ಕೇಳುವ ಹಾಗೆ. ಊರಿನ ಹಿಪ್ಪುನೇರಳೆ ತೋಟಗಳು ಬದುಕುತ್ತಿದ್ದುದು ಕೆರೆಯ ಮಣ್ಣಿನಿಂದ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಗಾಡಿಗಳು ಒಳಕ್ಕಿಳಿಯುತ್ತಿದ್ದವು. ತಳದ ಕಪ್ಪು ಗೋಡನ್ನು ಅಗೆದು ತುಂಬಿ ತೋಟಕ್ಕೆ ಹೊಡೆಯುತ್ತಿದ್ದರು. ಗಿಡ ಅದನ್ನು ತಿಂದು ಸೊಪ್ಪಾಗುತ್ತಿತ್ತು, ಸೊಪ್ಪನ್ನು ಹುಳು ತಿನ್ನುತ್ತಿತ್ತು. ಮಳೆ ಬಂದಾಗ ತೋಟದ ಮೇಲ್ಮಣ್ಣು, ಹುಳುವಿನ ಹಿಕ್ಕೆ, ದನದ ಸಗಣಿ ಎಲ್ಲ ಕೊಚ್ಚಿಕೊಂಡು ಮತ್ತೆ ಕೆರೆ ಸೇರುತ್ತಿತ್ತು. ಊರೂ ಕೆರೆಯೂ ಒಂದೇ ಬುಟ್ಟಿ ಮಣ್ಣನ್ನು ಕೈಯಿಂದ ಕೈಗೆ ದಾಟಿಸಿಕೊಂಡು ಬಂದಿದ್ದವು.

ಆ ವರ್ಷ ಬುಟ್ಟಿ ಕೆರೆಯ ಕೈಯಲ್ಲೇ ಉಳಿದಿತ್ತು. ಹಿಂದಿನ ಎರಡು ವರ್ಷ ಮಳೆ ಚೆನ್ನಾಗಿ ಆಗಿ ಕೆರೆ ಪೂರ್ತಿ ಬತ್ತಿರಲಿಲ್ಲ, ಗೋಡು ಎತ್ತಿರಲಿಲ್ಲ. ನೀರು ಹಿಂದೆ ಸರಿದು ಅಂಚಿನಲ್ಲಿ ಹುಲ್ಲು ಬಂದಾಗ ಹನೂರು ಕಡೆಯ ಕುರಿಯವರು ಮಂದೆ ಹೊಡೆದುಕೊಂಡು ಬಂದು ಅಲ್ಲೇ ತಂಗಿದರು. ಅವರು ಹೋದ ಮೇಲೆ ಭರಣಿ ಮಳೆ ಒಂದೇ ಸಲ ಸುರಿದು ಹಿಕ್ಕೆಯನ್ನೆಲ್ಲ ನೀರಿಗೆ ಎಳೆಯಿತು. ನಾನು ಪರೀಕ್ಷೆ ಮುಗಿಸಿ ಊರಿಗೆ ಬರುವ ಹೊತ್ತಿಗೆ ಕೆರೆ ಹಸಿರು ಬಣ್ಣ ಕಲಸಿಟ್ಟ ಬಾಣಲೆಯ ಹಾಗಿತ್ತು. ಎಮ್ಮೆಗಳು ಹಸಿರು ಮೈಯಲ್ಲಿ ಮನೆಗೆ ಬರುತ್ತಿದ್ದವು.

ಇದರಿಂದ ತೊಂದರೆಯಾದದ್ದು ಊರಿನ ಮಡಿವಾಳಗಿತ್ತಿಗೆ ಮಾತ್ರ. ಊರಿನ ಒಗೆತವೆಲ್ಲ ಅವಳದು. ಗಂಡನ ಮೊಣಕಾಲು ಅವನನ್ನು ನೀರಿಗಿಳಿಯಲು ಬಿಡುತ್ತಿರಲಿಲ್ಲವಾದ್ದರಿಂದ ಅವಳೂ ಸೊಸೆಯೂ ಕತ್ತೆಯ ಮೇಲೆ ಬಟ್ಟೆ ಹೇರಿಕೊಂಡು ಹೋಗುತ್ತಿದ್ದರು. ಕಣದಲ್ಲಿ ರಾಶಿ ಆದಾಗ ಪ್ರತಿ ಮನೆಯಿಂದ ಅವಳಿಗೆ ಇಷ್ಟು ಕಾಳು ಎಂದು ಇತ್ತು. ಅದನ್ನು ಆಯ ಎನ್ನುತ್ತಿದ್ದರು. ಆ ಆಯವೇ ಅವರ ವರ್ಷದ ಊಟ.

ಅದೇ ಬೇಸಿಗೆಯಲ್ಲಿ ನನ್ನ ತಂಗಿಯ ಮದುವೆ. ಗಂಡು ಕೊಳ್ಳೇಗಾಲದ ಕಡೆಯವನು, ರೇಷ್ಮೆ ವ್ಯಾಪಾರದ ಮನೆ. ಮದುವೆ ನಮ್ಮ ಚಪ್ಪರದಲ್ಲಿ. ಹಸೆಮಣೆಯ ಮೇಲೆ ಹಾಸುವ ಬಿಳಿ ಪಂಚೆ, ಗಂಡುಹೆಣ್ಣು ನಡೆದುಬರುವ ದಾರಿಗೆ ಹಾಸುವ ಬಟ್ಟೆಗಳು, ಹಿರಿಯರ ಪಂಚೆ ಶಲ್ಯಗಳು ಎಲ್ಲ ಮಡಿಯಾಗಿ ಬರಬೇಕಿತ್ತು. ಅಷ್ಟೂ ಬಿಳಿಯನ್ನು ಆ ಹಸಿರು ನೀರಿಗೆ ಅದ್ದಲು ಅವಳಿಗೆ ಮನಸ್ಸಾಗಲಿಲ್ಲ. ಏರಿಯ ಹಿಂಬದಿಯ ತಗ್ಗಿನಲ್ಲಿ ಸದಾ ಜಿನುಗುವ ಜಾಗವೊಂದಿತ್ತು. ಅಲ್ಲಿ ಸೊಸೆಯ ಜೊತೆ ಸೇರಿ ಗುಂಡಿ ತೋಡಿದಳು. ಬೆಳಗಾಗುವುದರಲ್ಲಿ ಒರತೆ ತುಂಬಿತು. ತಣ್ಣಗೆ, ತಿಳಿಯಾಗಿ, ತಳದ ಮರಳು ಕಾಣುವಂಥ ನೀರು. ಆ ನೀರಿಗೆ ಕೊಳೆ ಬಿಡಿಸುವ ಕ್ಷಾರದ ಸೌಳು ಮಣ್ಣು ಕಲಸಿ ಬಟ್ಟೆಗಳನ್ನು ಅದ್ದಿ, ಉಬ್ಬೆ ಹಾಕಿ ಆವಿಯಲ್ಲಿ ಬೇಯಿಸಿ, ಅದೇ ಒರತೆಯಲ್ಲಿ ಜಾಲಿಸಿ ಏರಿಯ ಮೇಲೆ ಹರವಿದಳು.

ಒಣಗುತ್ತಾ ಬಂದಂತೆ ಬಟ್ಟೆಗಳ ಮೇಲೆ ಕಂದು ಕಲೆಗಳು ಎದ್ದವು. ಮಡಿಕೆಗಳ ಗುಂಟ, ಅಂಚಿನ ಗುಂಟ, ತಡವಾಗಿ ಒಣಗಿದ ಕಡೆಯೆಲ್ಲ. ಅವಳು ಗಾಬರಿಯಾಗಿ ಮತ್ತೆ ಅದ್ದಿ, ಮತ್ತೆ ಸೌಳು ಹಾಕಿ, ಅದೇ ನೀರಿನಲ್ಲಿ ಒಗೆದಳು. ಕಲೆ ಹೆಚ್ಚಾಯಿತು. ಎಷ್ಟು ಒಗೆದರೆ ಅಷ್ಟು ಹೆಚ್ಚಾಯಿತು.

ಅವಳು ಬಟ್ಟೆಯ ಗಂಟನ್ನು ತಂದು ನಮ್ಮ ಅಂಗಳದಲ್ಲಿ ಇಳಿಸಿದ್ದನ್ನು ನಾನು ನೋಡಿದ್ದೇನೆ. ಜಗಲಿಯ ಮೇಲೆ ದೊಡ್ಡಪ್ಪ ಕೂತಿದ್ದರು. ನಮ್ಮ ಮನೆಗೂ ಊರಿಗೂ ಅವರದೇ ಕೊನೆಯ ಮಾತು. ಪಂಚೆಯನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದರು.

“ಇದ್ಯಾವ ನೀರಲ್ಲಿ ಅದ್ದಿದ್ಯೆ?”

“ನೀರು ಬೆಳ್ಳಗಿತ್ತು ಬುದ್ದಿ. ಕಣ್ಣಾರ ಕಂಡಿವ್ನಿ.”

“ಬೆಳ್ಳಗಿದ್ದ ನೀರಲ್ಲಿ ಒಗ್ದೋವು ಇಂಗಾದವೇನೆ? ಬೀಗ್ರು ರೇಷ್ಮೆ ಯಾಪಾರದೋರು. ಬಟ್ಟೆ ಕಂಡ್ರೆ ಮೊದ್ಲು ತಿರುವಿ ನೋಡೋರು. ಇದ್ನ ಕಂಡು ಏನಂದ್ಕತರೆ?”

ದೊಡ್ಡಪ್ಪ ಕೂಗಾಡುವವರಲ್ಲ. ಯಳಂದೂರಿನಿಂದ ಬೇರೆ ಮಡಿವಾಳರನ್ನು ಕರೆಸುವುದಾಗಿಯೂ, ಮದುವೆ ಕಳೆದ ಮೇಲೆ ಊರಿನ ಒಗೆತವನ್ನೂ ಅವರಿಗೇ ಒಪ್ಪಿಸುವ ಬಗ್ಗೆ ಊರವರ ಜೊತೆ ಮಾತಾಡುವುದಾಗಿಯೂ ಮೆಲ್ಲಗೆ ಹೇಳಿದರು. ಒಗೆತ ಹೋದರೆ ಆಯ ಹೋಗುತ್ತದೆ. ಅಂಗಳದಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಅವಳ ಸೊಸೆ ಸೆರಗಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಿಂತಿದ್ದಳು.

ಇಲ್ಲಿಂದ ಮುಂದಕ್ಕೆ ನನ್ನ ನೆನಪು ಅಂಗಳ ಬಿಟ್ಟು ನನ್ನ ಹಿಂದೆಯೇ ಬರುತ್ತದೆ. ನಾನು ಮನೆಯಲ್ಲಿದ್ದ ಖಾಲಿ ಶೀಷೆ ತೆಗೆದುಕೊಂಡು ಕೆರೆಗೆ ಹೋದೆ. ಒರತೆಯ ಗುಂಡಿ ಹೊಸದಾಗಿ ತೋಡಿದ್ದು, ನೀರು ತಿಳಿಯಾಗಿಯೇ ಇತ್ತು. ಆದರೆ ಅದರಿಂದ ತುಂಬಿ ಹರಿದು ಹೋಗುವ ಸಣ್ಣ ಕಾಲುವೆಯಲ್ಲಿ ನಾಲ್ಕು ಮಾರು ಮುಂದಕ್ಕೆ ಕೆಂಪು ಲೋಳೆ ಕಟ್ಟಿತ್ತು. ಅದರ ಮೇಲೆ ಎಣ್ಣೆ ಚೆಲ್ಲಿದಂತೆ ಬಣ್ಣಬಣ್ಣದ ತೆಳುವಾದ ಪೊರೆ. ಬೆರಳಲ್ಲಿ ಮುಟ್ಟಿದರೆ ಎಣ್ಣೆಯ ಹಾಗೆ ಕೂಡಿಕೊಳ್ಳದೆ ಹಪ್ಪಳದ ಹಾಗೆ ಒಡೆಯುತ್ತಿತ್ತು. ಶೀಷೆಗೆ ನೀರು ತುಂಬಿ, ಚಿಟಿಕೆ ಸೌಳು ಹಾಕಿ, ಕುಲುಕುತ್ತಾ ಕೂತೆ.

ಆಗಿದ್ದು ಏನೆಂದು ಈಗ ಸುಲಭವಾಗಿ ಹೇಳಬಲ್ಲೆ. ಮೇಲೆ ಹಸಿರು ಕವಿದರೆ ಸತ್ತ ಹಸಿರೆಲ್ಲ ತಳಕ್ಕಿಳಿದು ಕೊಳೆಯುತ್ತದೆ. ಕೊಳೆಯುವಾಗ ನೀರಿನಲ್ಲಿ ಕರಗಿದ ಗಾಳಿಯನ್ನು ತಿಂದುಹಾಕುತ್ತದೆ. ನಮ್ಮ ಕಡೆಯ ಕೆಂಪು ಮಣ್ಣಿನ ಕಬ್ಬಿಣ ಗಾಳಿ ಇರುವ ತನಕ ತುಕ್ಕಾಗಿ ಮಣ್ಣಿಗೆ ಅಂಟಿಕೊಂಡಿರುತ್ತದೆ, ಗಾಳಿ ಇಲ್ಲದ ಗೋಡಿನಲ್ಲಿ ಬಣ್ಣ ಕಳೆದುಕೊಂಡು ನೀರಿಗೆ ಕರಗುತ್ತದೆ. ತುಕ್ಕು ಹಿಡಿದಿಟ್ಟುಕೊಂಡಿದ್ದ ರಂಜಕವೂ ಆಗ ಬಿಡುಗಡೆಯಾಗಿ ಮೇಲಿನ ಹಸಿರಿಗೆ ಮತ್ತೆ ಗೊಬ್ಬರವಾಗುತ್ತದೆ. ಕರಗಿದ ಕಬ್ಬಿಣ ಏರಿಯ ಅಡಿಯಿಂದ ಜಿನುಗಿ ಹೊರಗೆ ಬಂದು ಗಾಳಿ ಕಂಡ ಕೂಡಲೆ ಮತ್ತೆ ತುಕ್ಕಾಗುತ್ತದೆ. ಸೌಳು ಸೇರಿದರೆ ಇನ್ನೂ ಬೇಗ. ಕೆರೆಯ ಮೇಲ್ಗಡೆಯ ಹಸಿರು ನೀರಿನಲ್ಲಿ ಗಾಳಿ ಬೇಕಾದಷ್ಟು ಇತ್ತು, ಕರಗಿದ ಕಬ್ಬಿಣ ಇರಲಿಲ್ಲ. ಅವಳು ಕೊಳಕು ಎಂದು ಬಿಟ್ಟ ನೀರಿನಲ್ಲಿ ಒಗೆದಿದ್ದರೆ ಕಲೆ ಏಳುತ್ತಿರಲಿಲ್ಲ.

ಇಷ್ಟನ್ನೂ ಏರಿಯ ಮೇಲೆ ಕೂತಾಗಲೇ ತಿಳಿದುಕೊಂಡಿದ್ದೆ ಎಂದು ನನ್ನ ನೆನಪು ಹೇಳುತ್ತದೆ. ಅದು ಸುಳ್ಳಿರಬೇಕು. ಕೆರೆಯ ತಳದ ಗೋಡು, ರಂಜಕ, ಗಾಳಿ ಇವುಗಳ ಸಂಬಂಧವನ್ನು ನಾನು ಓದಿದ್ದು ಎಷ್ಟೋ ವರ್ಷದ ಮೇಲೆ. ಹತ್ತೊಂಬತ್ತರಲ್ಲಿ ನನಗೆ ಗೊತ್ತಿದ್ದದ್ದು ಇದು ಕಬ್ಬಿಣ ಎಂಬುದು, ಹುಳಿಗೆ ಕಬ್ಬಿಣದ ಕಲೆ ಬಿಡುತ್ತದೆ ಎಂಬುದು. ಮಿಕ್ಕದ್ದನ್ನೆಲ್ಲ ಆಮೇಲಿನ ನಾನು ಹೋಗಿ ಆ ಹುಡುಗನ ತಲೆಗೆ ತುಂಬಿ ಬಂದಿದ್ದೇನೆ.

ನೆನಪಿನ ಪ್ರಕಾರ ಕಥೆ ಹೀಗೆ ಮುಗಿಯುತ್ತದೆ. ನಾನು ಕೆಂಪಾದ ಶೀಷೆಯನ್ನು ತಂದು ಜಗಲಿಯ ಮೇಲೆ ದೊಡ್ಡಪ್ಪನ ಮುಂದೆ ಇಟ್ಟೆ. ತಪ್ಪು ಅವಳ ಕೈಯದಲ್ಲ, ನೀರಿನದು ಎಂದೆ. ಅವರು ಶೀಷೆಯನ್ನು ತಿರುಗಿಸಿ ನೋಡಿ ಸುಮ್ಮನಾದರು. ನಿಂಬೆಹಣ್ಣು ಹಿಂಡಿ ಉಪ್ಪು ಹಾಕಿ ತಿಕ್ಕಿದಾಗ ಹಸೆಯ ಪಂಚೆ ಬೆಳ್ಳಗಾಯಿತು. ಮಡಿವಾಳಗಿತ್ತಿಯ ಒಗೆತ ಅವಳಲ್ಲೇ ಉಳಿಯಿತು.

ಈ ಕಥೆಯನ್ನು ಬಹಳ ಕಡೆ ಹೇಳಿದ್ದೇನೆ. ಮೇಷ್ಟರಾದ ಮೇಲೆ ಕ್ಲಾಸಿನಲ್ಲಿ ಹೇಳಿದ್ದೇನೆ. ಹೋದ ವರ್ಷ ಕೊಳ್ಳೇಗಾಲದಲ್ಲಿ ತಂಗಿಯ ಮನೆಗೆ ಹೋದಾಗ ಅವಳ ಮೊಮ್ಮಕ್ಕಳಿಗೆ ಹೇಳುತ್ತಿದ್ದೆ. ತಂಗಿ ಅವರೆಕಾಯಿ ಸುಲಿಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ಕೊನೆಗೆ ಬಂದಾಗ ತಲೆಯೆತ್ತಿದಳು.

“ಅದ್ಯಾವ ಸೀಸೆ ಅಣ್ಣಯ್ಯ?”

ನಾನು ವಿವರಿಸಿದೆ. ಅವಳಿಗೆ ಶೀಷೆಯ ನೆನಪೇ ಇರಲಿಲ್ಲ. ನಾನು ಮನೆಗೆ ಬಂದದ್ದು ಎಲ್ಲರ ಊಟವಾದ ಮೇಲೆ, ಕಾಲೆಲ್ಲ ಕೆಸರು, ಅಮ್ಮ ಬೈದರು, ಅಷ್ಟು ಮಾತ್ರ ನೆನಪು. ಅಷ್ಟು ಹೊತ್ತಿಗೆ ಎಲ್ಲ ಇತ್ಯರ್ಥವಾಗಿ ಹೋಗಿತ್ತಂತೆ. ಮೊಮ್ಮಕ್ಕಳನ್ನು ಹೊರಗೆ ಆಡಲು ಕಳಿಸಿ ನನಗೆ ಉಳಿದದ್ದನ್ನು ಹೇಳಿದಳು.

ನಾನು ಕೆರೆಯ ಕಡೆ ಹೊರಟ ಮೇಲೆ ದೊಡ್ಡಪ್ಪ ಯಳಂದೂರಿಗೆ ಆಳು ಕಳಿಸಲು ಎದ್ದರಂತೆ. ಮದುವೆಯ ಹೆಣ್ಣು ದೊಡ್ಡಪ್ಪನ ಎದುರು ಬಂದು ಮಾತಾಡುವ ಕಾಲವಲ್ಲ ಅದು. ಇವಳು ನಡುಮನೆಯ ಬಾಗಿಲ ಹಿಂದೆ ನಿಂತು, ಅಮ್ಮನಿಗೆ ಹೇಳುವ ಹಾಗೆ, ಜಗಲಿಗೆ ಕೇಳುವಷ್ಟು ಜೋರಾಗಿ ಹೇಳಿದಳಂತೆ.

“ನಾನ್ ದೊಡ್ಡೋಳಾದಾಗ್ನಿಂದ ನನ್ ಬಟ್ಟೆ ಒಗ್ದೋಳು ಅವ್ಳು. ನಿಮ್ದೂ ಅವ್ಳೇಯ, ದೊಡ್ಡವ್ವಂದೂ ಅವ್ಳೇಯ. ಆ ಕಲೆನೆಲ್ಲ ಕಂಡೋಳು ಯಾರ್ಗಾದ್ರೂ ಏಳವ್ಳಾ? ಅವ್ಳು ತಂದ ಬಟ್ಟೆ ಆಸುದ್ರೆ ಅದ್ರ ಮೇಲೆ ಕೂತ್ಕತೀನಿ. ಇಲ್ದೇವೋದ್ರೆ ನೆಲುದ್ ಮೇಲೆ ಕೂತ್ಕತೀನಿ.”

ದೊಡ್ಡವ್ವ ಎದ್ದು ಹೋಗಿ ಅಂಗಳದಿಂದ ಬಟ್ಟೆಯ ಗಂಟನ್ನು ತಾವೇ ಒಳಕ್ಕೆ ತಂದರಂತೆ. ದೊಡ್ಡಪ್ಪ ಆಳನ್ನು ಯಳಂದೂರಿನ ಬದಲು ಬಾಳೆಎಲೆ ತರಲು ಸತ್ತೇಗಾಲಕ್ಕೆ ಕಳಿಸಿದರಂತೆ.

ಮುಟ್ಟಿನ ಬಟ್ಟೆಗಳನ್ನು ಊರಿನ ಹೆಂಗಸರೆಲ್ಲ ಅವಳ ಕೈಗೆ ಕೊಡುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಗಂಡಸರಿಗೆ ಗೊತ್ತಾಗುವಂತೆ ಯಾರೂ ಅದನ್ನು ಮಾತಾಡುತ್ತಿರಲಿಲ್ಲ. ದೊಡ್ಡಪ್ಪನಿಗೆ ಗೊತ್ತಿತ್ತೋ ಇಲ್ಲವೋ. ಅವರು ಸುಮ್ಮನಾದದ್ದು ನಾಚಿಕೆಗೋ ನ್ಯಾಯಕ್ಕೋ ಎಂದು ಕೇಳಿದೆ. ತಂಗಿ, ಅದೆಲ್ಲ ನೀನು ಓದಿದವನು ಹೇಳಬೇಕು ಎಂದು ಅವರೆಕಾಯಿಯ ಸಿಪ್ಪೆ ಕೊಡವಿದಳು.

“ನಿಂಬೆಹಣ್ಣು?” ಎಂದೆ.

“ನಿಂಬೆಹಣ್ಣು ದಿಟ. ಬಂದವ್ರಿಗೆ ಪಾನಕಕ್ಕೆ ಇಟ್ಟಿದ್ದ ಹಣ್ಣು ತಿಕ್ಕಿ ಖಾಲಿ ಮಾಡ್ದೆ ಅಂತ ಅಮ್ಮ ನಿನ್ನ ಬೈದ್ರಲ್ಲ.”

ನನಗೆ ಸ್ವಲ್ಪ ಸಮಾಧಾನವಾಯಿತು. ಪಂಚೆ ಬೆಳ್ಳಗಾಯಿತಲ್ಲ ಎಂದೆ. ಅವಳು ಎದ್ದು ಹೋಗಿ ಟ್ರಂಕಿನಿಂದ ಅದನ್ನು ತಂದು ನನ್ನ ತೊಡೆಯ ಮೇಲೆ ಹಾಕಿದಳು. ಒಂದು ಮೂಲೆ ನಿಜವಾಗಿ ಬೆಳ್ಳಗಿತ್ತು, ಅಥವಾ ಹಳೆಯ ಬಟ್ಟೆ ಬೆಳ್ಳಗಿರುವಷ್ಟು ಇತ್ತು. ಮಿಕ್ಕ ಕಡೆಯೆಲ್ಲ ಮಡಿಕೆಯ ಗುಂಟ ಆ ಕಂದು ಗೆರೆಗಳು ಹಾಗೇ ಇದ್ದವು. ಹಣ್ಣು ಸಾಲದೆ ಹೋಗಿರಬೇಕು. ಬೆಳ್ಳಗಿದ್ದ ಮೂಲೆಯನ್ನು ಮೇಲಕ್ಕೆ ಮಡಿಸಿ ಹಾಸಿದ್ದರಂತೆ. ಗಂಡುಹೆಣ್ಣು ಕೂರುವ ಮುಂಚೆ ಬೀಗರಲ್ಲಿ ಒಬ್ಬ ಹಿರಿಯರು ತುದಿಯನ್ನು ತಿರುವಿ ನೋಡಿದ್ದೂ ಹೌದಂತೆ. ಮತ್ತೆ ಹಾಗೇ ಮಡಿಸಿ ಪಕ್ಕಕ್ಕೆ ಸರಿದರಂತೆ.

ಅಡುಗೆಮನೆಯಲ್ಲಿ ನಿಂಬೆಹಣ್ಣು ಇದೆಯೇ ಎಂದು ಕೇಳಿದೆ. ಒಂದು ಗೆರೆಯ ಮೇಲೆ ಎರಡು ಹನಿ ಹಾಕಿ ನೋಡುವ ಆಸೆ. ಅದು ಕರಗಿದರೆ ಕಬ್ಬಿಣವೆಂಬುದಾದರೂ ಖಚಿತವಾಗುತ್ತಿತ್ತು. ತಂಗಿ ಪಂಚೆಯನ್ನು ನನ್ನ ಕೈಯಿಂದ ಎಳೆದುಕೊಂಡಳು.

“ಇರ್ಲಿ ಬುಡು ಅಣ್ಣಯ್ಯ. ಇಷ್ಟು ವರ್ಷ ಇಲ್ವಾ?”

ಹಾಗಾಗಿ ಶೀಷೆಯ ವಿಷಯ ಸಂಶಯವಾಗಿಯೇ ಉಳಿದಿದೆ. ಅದು ಇದ್ದರೂ ಜಗಲಿಯ ಮೇಲೆ ಯಾರ ಮುಂದೂ ಇಟ್ಟಿರಲಿಲ್ಲ ಎಂದು ಈಗ ಒಪ್ಪಿಕೊಳ್ಳಬೇಕು. ನೀರು ಕೆಂಪಾಗುವುದನ್ನು ನಾನು ಕಾಯುತ್ತಿದ್ದ ಹೊತ್ತಿಗೇ ಮನೆಯಲ್ಲಿ ತೀರ್ಮಾನ ಆಗಿತ್ತು.

ಆದರೆ ಇನ್ನೊಂದು ನೆನಪಿದೆ. ಮದುವೆ ಕಳೆದು ನಾನು ಮೈಸೂರಿಗೆ ಹೊರಡುವ ಮುಂಚೆ ಮಡಿವಾಳಗಿತ್ತಿ ನನ್ನ ಬಟ್ಟೆಗಳನ್ನು ಒಯ್ಯಲು ಬಂದಳು. ಒರತೆಯ ನೀರು ಬೇಡ, ಕೆರೆಯ ಮೇಲ್ಗಡೆಯ ನೀರಿನಲ್ಲೇ ಒಗೆ, ಕಲೆ ಆಗುವುದಿಲ್ಲ ಎಂದು ಹೇಳಿದೆ. ಕಾರಣವನ್ನೂ ನನಗೆ ಗೊತ್ತಿದ್ದಷ್ಟು ಹೇಳಿದೆ. ಅವಳು ಗಂಟು ಕಟ್ಟುತ್ತಾ ನಕ್ಕಳು.

“ಪಾಚಿ ನೀರಲ್ಲಿ ಬಟ್ಟೆ ಒಗಿ ಅಂತ ಮೈಸೂರ್ನಲ್ಲಿ ಏಳ್ಕೊಟ್ರಾ ಬುದ್ದಿ?”

ಇದನ್ನೂ ನಾನೇ ಕಟ್ಟಿಕೊಂಡೆನೋ ಎಂದು ಎಷ್ಟೋ ಸಲ ಯೋಚಿಸಿದ್ದೇನೆ. ಇದು ನಡೆದಿತ್ತು ಎನ್ನಲು ನನಗೊಂದು ಆಧಾರವಿದೆ, ನನ್ನದಲ್ಲದ ಆಧಾರ. ಹಾಸ್ಟೆಲಿನಲ್ಲಿ ನನ್ನ ಕೋಣೆಯಲ್ಲಿದ್ದ ಗೆಳೆಯನೊಬ್ಬ ಕೊನೆಯವರೆಗೂ ನನ್ನನ್ನು ಕಪ್ಪೆ ಎಂದೇ ಕರೆಯುತ್ತಿದ್ದ. ಆ ವರ್ಷ ನಾನು ಊರಿನಿಂದ ಬಂದು ಟ್ರಂಕು ತೆರೆದಾಗ ಕೋಣೆಯೆಲ್ಲ ಕೆರೆಯ ಪಾಚಿ ವಾಸನೆ ಹೊಡೆದಿತ್ತು. ಅವನು ಮೂಗು ಹಿಡಿದುಕೊಂಡು ಕಿಟಕಿ ತೆರೆದ. ನಾನು ಅಂಗಿಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದೆ. ಎಲ್ಲಿಯೂ ಒಂದು ಕಲೆ ಇರಲಿಲ್ಲ.