ಪ್ರಸ್ಥಾನದ ಗಂಟು

ಮುಹೂರ್ತ, ಶಕುನ ಎಂದರೆ ನಗುತ್ತಿದ್ದವನು ನಾನು. ಈಗಲೂ ಅಂಥ ನಂಬಿಕೆಯೇನೂ ಇಲ್ಲ. ಬೆಕ್ಕು ಅಡ್ಡ ಬಂದರೆ ಅದಕ್ಕೂ ಏನೋ ಕೆಲಸವಿದ್ದೀತು ಎಂದುಕೊಂಡು ಮುಂದೆ ಹೋಗುತ್ತೇನೆ. ಆದರೆ ಪ್ರಸ್ಥಾನದ ಮಾತು ಬಂದಾಗ ಮಾತ್ರ ತೆಪ್ಪಗಾಗುತ್ತೇನೆ. ಯಾಕೆಂದು ಇಲ್ಲಿ ಬರೆದಿದ್ದೇನೆ. ಓದಿ ನಗು ಬಂದರೆ ನಕ್ಕುಬಿಡಿ, ನನಗೇನೂ ಬೇಸರವಿಲ್ಲ.

ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಕಾರ್ಯಾಚರಣೆಯಾಗಿ ಎರಡು ಮೂರು ವರ್ಷ ಕಳೆದಿತ್ತು. ನಾನು ಕಲಬುರ್ಗಿಯ ಶಾಲೆಯೊಂದರಲ್ಲಿ ಮಾಸ್ತರನಾಗಿದ್ದೆ. ಬ್ರಹ್ಮಪುರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ, ಇನ್ನೂ ಮದುವೆಯಾಗಿರಲಿಲ್ಲ. ನನ್ನ ಸೋದರಮಾವ ಕಮಲಾಪುರದವರು. ಬಾಳೆ ತೋಟ, ತೊಗರಿ ಹೊಲ ಎಲ್ಲ ಇತ್ತು, ಮಕ್ಕಳಿರಲಿಲ್ಲ. ಅದಕ್ಕೂ ಹಿಂದಿನ ಲೂಟಿ, ಗಲಾಟೆಯ ದಿನಗಳಲ್ಲಿ ಮಾವ ಮತ್ತು ಅತ್ತೆ ಗಾಡಿಯಲ್ಲಿ ಹೇರಿದ ಜೋಳದ ಒಣ ಕಣಿಕೆಯ ಕೆಳಗೆ ಅಡಗಿ ಗಡಿ ದಾಟಿ, ಸೊಲ್ಲಾಪುರದ ಕಡೆ ಕೆಲವು ತಿಂಗಳು ಇದ್ದು ಬಂದಿದ್ದರು. ಬದುಕಿ ಉಳಿದರೆ ನಿನಗೆ ಇಡೀ ದೇಶವನ್ನು ಫಸ್ಟ್ ಕ್ಲಾಸಿನಲ್ಲಿ ಕೂಡಿಸಿ ತೋರಿಸುತ್ತೇನೆ ಎಂದು ಮಾವ ಆ ಕಣಿಕೆಯ ಕೆಳಗೇ ಅತ್ತೆಗೆ ಮಾತು ಕೊಟ್ಟಿದ್ದರಂತೆ.

ಊರಿಗೆ ಮರಳಿದ ಮೇಲೆ ಆ ಮಾತನ್ನು ಅವರು ಮರೆಯಲಿಲ್ಲ. ಮರೆತಿದ್ದರೇ ಚೆನ್ನಾಗಿತ್ತೇನೋ! ಇಂಗ್ಲಿಷ್ ಬಲ್ಲವನೆಂದು ಪ್ರತಿ ಭಾನುವಾರ ನನ್ನನ್ನು ಕರೆಸಿಕೊಂಡು ರೈಲಿನ ಟೈಮ್ ಟೇಬಲ್ ಓದಿಸುತ್ತಿದ್ದರು. ಶಾಲೆಯಿಂದ ನಾನು ಹಳೆಯ ಭೂಪಟವೊಂದನ್ನು ಒಯ್ದು ಕೊಟ್ಟಿದ್ದೆ. ಅದರಲ್ಲಿ ನಿಜಾಮರ ಸೀಮೆಗೆ ಇನ್ನೂ ಬೇರೆ ಬಣ್ಣವೇ ಇತ್ತು. ಅದನ್ನು ಪಡಸಾಲೆಯಲ್ಲಿ ಹಾಸಿ, ಹೋಗುವ ಊರಿಗೆಲ್ಲ ಒಂದೊಂದು ಹುಣಸೆಬೀಜ ಇಡುತ್ತಿದ್ದರು. ಕಾಶ್ಮೀರದಲ್ಲಿ ದೋಣಿಮನೆ, ರಾಜಸ್ಥಾನದಲ್ಲಿ ಒಂಟೆ, ಅಸ್ಸಾಮಿನಲ್ಲಿ ಘೇಂಡಾಮೃಗ, ನೀಲಗಿರಿಯಲ್ಲಿ ಬಿಳಿಯರ ಬಂಗಲೆ. ವಾರದಿಂದ ವಾರಕ್ಕೆ ಬೀಜ ಹೆಚ್ಚಾಗುತ್ತಿತ್ತು, ಹೊರಡುವ ದಿನ ಮುಂದೆ ಹೋಗುತ್ತಿತ್ತು.

ಅತ್ತೆಗೆ ಬೇಕಿದ್ದುದು ಒಂದೇ ಬೀಜ. “ನಂಗ ಬರೇ ಸಮುದ್ರ ತೋರಸ್ರಿ ಸಾಕು. ಒಂಟಿ, ಘೇಂಡಾ ಎಲ್ಲಾ ನೀವs ನೋಡಕೋರಿ” ಎನ್ನುತ್ತಿದ್ದಳು. ಇದನ್ನು ನಗುತ್ತಲೇ ಹೇಳುತ್ತಿದ್ದಳಾದರೂ ವಿಷಯ ನಗುವಂಥದಾಗಿರಲಿಲ್ಲ. ಅವಳ ಕಣ್ಣು ಮಂಜಾಗುತ್ತ ಬಂದಿತ್ತು. ಹೈದರಾಬಾದಿನ ಡಾಕ್ಟರು, ಈ ವರ್ಷ ಹೇಗೋ ನಡೆದೀತು, ಮುಂದಿನದನ್ನು ಹೇಳಲಾರೆ ಎಂದುಬಿಟ್ಟಿದ್ದರು. ಇದು ಗೊತ್ತಿದ್ದೂ ಮಾವ ಬೀಜ ಜೋಡಿಸುತ್ತ ಕೂತಿದ್ದು ನೋಡಿ ನನಗೆ ಸಿಟ್ಟು ಬರುತ್ತಿತ್ತು. ಅವರ ಕಷ್ಟ ನನಗೆ ತಿಳಿದದ್ದು ಆಮೇಲೆ. ಹಿಂದೆ ಒಮ್ಮೆ ಮನೆ ಬಿಟ್ಟು ಹೋಗಿ ಬಂದಾಗ ಬಾಗಿಲ ಚೌಕಟ್ಟು ಕೂಡ ಉಳಿದಿರಲಿಲ್ಲ. ಮತ್ತೆ ಹೊಸ್ತಿಲು ದಾಟಲು ಅವರ ಕಾಲು ಏಳುತ್ತಿರಲಿಲ್ಲ.

ಕೊನೆಗೆ ಅತ್ತೆ ತಾನೇ ಒಂದು ಉಪಾಯ ಹೂಡಿದಳು. ಜೋಯಿಸರಿಂದ ದಿನ ನೋಡಿಸಿ ಪ್ರಸ್ಥಾನ ಇಟ್ಟಳು. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒಳ್ಳೆಯ ದಿನ ಬಂದಾಗ ಹೊರಡಲು ಆಗದಿದ್ದರೆ, ಉಡುವ ಬಟ್ಟೆ, ಅಕ್ಷತೆ, ಅರಿಸಿನಕೊಂಬು, ಅಡಿಕೆ ಕಟ್ಟಿದ ಗಂಟನ್ನು ದಾರಿಯಲ್ಲಿರುವ ಯಾರದಾದರೂ ಮನೆಯಲ್ಲಿ ಇಟ್ಟು ಬರುತ್ತಾರೆ. ಗಂಟು ಹೊರಟರೆ ಮನುಷ್ಯ ಹೊರಟ ಹಾಗೆಯೇ. ಐದು ದಿನದೊಳಗೆ ಹೋಗಿ ಅದನ್ನು ಕೂಡಿಕೊಳ್ಳಬೇಕು. ಗಂಟನ್ನು ಮಾತ್ರ ಮನೆಗೆ ತಿರುಗಿ ತರಬಾರದು. ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿದ್ದುದು ನನ್ನ ಕೋಣೆ. ಅತ್ತೆ ತನ್ನ ಹಸಿರು ಇಳಕಲ್ ಸೀರೆಯ ಗಂಟನ್ನು ನನ್ನ ಕಬ್ಬಿಣದ ಟ್ರಂಕಿನಲ್ಲಿ ತಾನೇ ಇಟ್ಟಳು. ನಾನು ನಗುತ್ತ ಕೀಲಿ ಹಾಕಿ, ಕೀಲಿಕೈ ಉಡಿದಾರಕ್ಕೆ ಕಟ್ಟಿಕೊಂಡೆ.

ಮೂರನೆಯ ದಿನ ಮಧ್ಯಾಹ್ನ ಶಾಲೆಯಿಂದ ಬಂದು ಬಾಗಿಲು ತೆಗೆದರೆ ಕೋಣೆಯಲ್ಲಿ ಎಂಥದೋ ವಾಸನೆ. ಕೆಟ್ಟದ್ದಲ್ಲ, ಒಳ್ಳೆಯದೂ ಅಲ್ಲ. ಹಸಿಹಸಿಯಾಗಿ, ಸ್ವಲ್ಪ ಮೀನಿನ ಹಾಗೆ, ಸ್ವಲ್ಪ ತುಕ್ಕಿನ ಹಾಗೆ. ಇಲಿ ಸತ್ತಿರಬೇಕೆಂದು ಮೂಲೆಮೂಲೆ ಹುಡುಕಿದೆ. ಏನೂ ಸಿಗಲಿಲ್ಲ. ಟ್ರಂಕಿನ ಹತ್ತಿರ ವಾಸನೆ ಹೆಚ್ಚಾಗಿತ್ತು ಎಂಬುದು ನಿಜ. ಕೀಲಿ ಹಾಕಿದ್ದೇನಲ್ಲ, ಇಲಿ ಹೇಗೆ ಹೋದೀತು ಎಂದು ಸುಮ್ಮನಾದೆ.

ಮರುದಿನ ಮಾವನಿಂದ ಚೀಟಿ ಬಂತು. ತೊಗರಿ ರಾಶಿ ಇದೆ, ಪ್ರವಾಸ ಈ ವರ್ಷ ಬೇಡ, ಗಂಟು ತೆಗೆದುಕೊಂಡು ಬಾ ಎಂದು ಬರೆದಿದ್ದರು. ತರಬಾರದ್ದನ್ನು ತರಲು ಹೇಳಿದ್ದು ಅವರು. ಅದನ್ನು ನಂಬದ ನನಗೆ ತರಲು ಅಂಜಿಕೆಯೇನೂ ಇರಲಿಲ್ಲ. ಹೊತ್ತಾಗಿತ್ತು; ಟ್ರಂಕು ತೆಗೆದು, ಗಂಟನ್ನು ಸರಿಯಾಗಿ ನೋಡದೆಯೇ ಬಗಲಲ್ಲಿ ಹಿಡಿದು ಓಡಿಹೋಗಿ ಮೋಟಾರು ಹತ್ತಿದೆ. ಅರ್ಧ ದಾರಿಯಲ್ಲಿ ಪಕ್ಕದಲ್ಲಿ ಕೂತಿದ್ದ ಮುದುಕ ತನ್ನ ಧೋತರ ಎತ್ತಿ ಹಿಡಿದು, “ಏನ್ರಿ ಮಾಸ್ತರ, ಗಂಟಿನಾಗ ಮೊಸರ ಕಟ್ಟೀರೇನು? ನನ್ನ ಮೊಣಕಾಲೆಲ್ಲ ತೊಯ್ತಲ್ರಿ!” ಎಂದ. ನೋಡಿದರೆ ಗಂಟಿನಿಂದ ನೀರು ಇಳಿಯುತ್ತಿತ್ತು.

ಕಮಲಾಪುರದ ಪಡಸಾಲೆಯಲ್ಲಿ ಅತ್ತೆ ಗಂಟು ಬಿಚ್ಚಿದಳು. ಅಕ್ಷತೆ, ಅಡಿಕೆ, ಅರಿಸಿನಕೊಂಬು ಇಟ್ಟ ಹಾಗೆ ಒಣಗಿಯೇ ಇದ್ದವು. ಸೀರೆಯ ಮಡಿಕೆ ಮಾತ್ರ ಮುರಿದಿತ್ತು, ಯಾರೋ ಉಟ್ಟು ಬಿಚ್ಚಿದ ಹಾಗೆ. ಕೆಳಗಿನ ಅಂಚು ಉದ್ದಕ್ಕೂ ಒಂದು ಗೇಣು ತೊಯ್ದಿತ್ತು, ಮೇಲೆಲ್ಲ ಒಣಗಿತ್ತು. ಅಂಚಿನ ತುಂಬ ನುಣುಪಾದ ಉಸುಕು. ಅತ್ತೆ ಸೀರೆಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಆಮೇಲೆ ಬೆರಳು ತೋಯಿಸಿ ನಾಲಗೆಗೆ ಹಚ್ಚಿಕೊಂಡು “ಉಪ್ಪs ಅದ” ಎಂದಳು.

ಮಾವ ನನ್ನ ಮೇಲೆಯೇ ಹರಿಹಾಯ್ದರು. “ಏ ತಮ್ಮಾ, ಇದೆಂಥಾ ಚಾಷ್ಟಿ ಹಚ್ಚೀಯೋ? ಅಕಿ ಜೋಡಿ ಹಿಂಗ ಆಡಬಾರದು.” ನಾನು ಸತ್ತ ತಾಯಿಯ ಆಣೆ ಹಾಕಿದೆ. ಅತ್ತೆಗೆ ಹೆದರಿಕೆಯೂ ಇಲ್ಲ, ದಿಗಿಲೂ ಇಲ್ಲ. ತೊಯ್ದ ಸೀರೆಯನ್ನು ಮಡಿಲಲ್ಲಿ ಹಾಕಿಕೊಂಡು ಸಣ್ಣ ಹುಡುಗಿಯ ಹಾಗೆ ನಗಹತ್ತಿದಳು. “ನಾ ಇಲ್ಲೇ ಕುಂತೀನಿ, ನನ್ನ ಸೀರಿ ಹೋಗಿ ಬಂದದ ನೋಡ್ರಿ!” ಎಂದಳು. ನಗುನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು.

ಮಾವ ಹೋಗಿ ಭೂಪಟದ ಮುಂದೆ ಕೂತರು. ಆಮೇಲೆ ಬೀಜಗಳನ್ನೆಲ್ಲ ಒಂದೇ ಸಲ ಕೈಯಿಂದ ಸವರಿ ಹಾಕಿ ಎದ್ದು ನಿಂತರು. “ನಡೀ, ನಾಳೀನs ಹೋಗೂಣು” ಎಂದರು. ಮನೆಯ ಕೀಲಿಕೈಯನ್ನು ನೆರೆಮನೆಯವರಿಗೆ ಕೊಡಲು ಹೋದವರು ಎರಡು ಸಲ ತಿರುಗಿ ಬಂದು ಬಾಗಿಲ ಚೌಕಟ್ಟು ಮುಟ್ಟಿ ನೋಡಿದರು. ಆದರೂ ಕೊಟ್ಟರು.

ನಾನೂ ರಜೆ ಹಾಕಿ ಜೊತೆಗೆ ಹೋದೆ. ಫಸ್ಟ್ ಕ್ಲಾಸಿನ ಮೆತ್ತನೆಯ ಸೀಟು ಹೊಲಸಾದೀತೆಂದು ಮಾವ ಮುಂಬಯಿಯವರೆಗೂ ತುದಿಯಲ್ಲೇ ಕೂತರು. ಅತ್ತೆ ಮಾತ್ರ ಮಹಾರಾಣಿಯ ಹಾಗೆ ಕಾಲು ಚಾಚಿ ಮಲಗಿದ್ದಳು. ಅಲ್ಲಿ ಮೊದಲ ಸಂಜೆ ಸಮುದ್ರದ ಕಡೆ ನಡೆಯುತ್ತಿದ್ದಾಗ, ನೀರು ಕಾಣುವ ಮೊದಲೇ ಗಾಳಿ ಬೀಸಿತು. ನಾನು ನಿಂತಲ್ಲೇ ನಿಂತುಬಿಟ್ಟೆ. ಅದು ನನ್ನ ಕೋಣೆಯ ವಾಸನೆ. ಅಲ್ಲಿಯವರೆಗೆ ನಾನೂ ಸಮುದ್ರ ಕಂಡವನಲ್ಲ. ಹಾಗಾದರೆ ಆ ವಾಸನೆ ನನ್ನ ಕಲ್ಪನೆಯಾದರೂ ಹೇಗಾದೀತು?

ಮಾವ ಬೀಜ ಇಟ್ಟು ಲೆಕ್ಕ ಹಾಕಿದ್ದ ನಲವತ್ತು ದಿನದ ಪ್ರವಾಸ ಅಲ್ಲೇ ಮುಗಿಯಿತು. ಅತ್ತೆ ಸಮುದ್ರ ಬಿಟ್ಟು ಕದಲಲಿಲ್ಲ. ಒಂಬತ್ತು ದಿನ ಬೆಳಿಗ್ಗೆ ಸಂಜೆ ನೀರಿಗಿಳಿದು, ಕಣ್ಣು ಕಿರಿದು ಮಾಡಿಕೊಂಡು ನೋಡಿದ್ದೇ ನೋಡಿದ್ದು. ಮಾವ ಚಪ್ಪಲಿ ಹಿಡಿದುಕೊಂಡು ದಂಡೆಯಲ್ಲಿ ನಿಂತಿರುತ್ತಿದ್ದರು.

ನಾನು ಎಲ್ಲ ರೀತಿಯಿಂದಲೂ ಯೋಚಿಸಿ ನೋಡಿದ್ದೇನೆ. ಮಳೆಗಾಲವಲ್ಲ, ಸೂರು ಸೋರುವಂತಿಲ್ಲ, ಕೀಲಿಕೈ ನನ್ನ ಸೊಂಟದಲ್ಲೇ ಇತ್ತು. ಸೋರಿದ್ದರೂ ಉಪ್ಪು, ಉಸುಕು ಎಲ್ಲಿಂದ ಬರಬೇಕು? ಎಷ್ಟೋ ವರ್ಷದ ಮೇಲೆ, ಅತ್ತೆಯ ಕಣ್ಣು ಪೂರ್ತಿ ಹೋದ ಮೇಲೆ, ಒಮ್ಮೆ ಅವಳನ್ನೇ ಕೇಳಿದೆ. ಅವಳು ನನ್ನ ಕೈ ತಡವಿ ಹಿಡಿದುಕೊಂಡು ನಕ್ಕಳು.

“ನೀ ಇನ್ನೂ ಆ ಸೀರಿ ಹಿಡಕೊಂಡs ಕುಂತೀಯೇನೋ? ಅವತ್ತ ನಿಮ್ಮ ಮಾವ ಎದ್ದು ನಿಂತರಲ್ಲ, ನಂಗ ಅದs ದೊಡ್ಡ ಸೋಜಿಗ.”

ಆ ಸೋಜಿಗ ನನಗೂ ಅರ್ಥವಾಗುತ್ತದೆ. ಸೀರೆಯದು ಇವತ್ತಿನವರೆಗೂ ಅರ್ಥವಾಗಿಲ್ಲ.