ಬಂದೂಕಿನ ಬಾಯಿ ಯಾವ ಕಡೆ

ಚಹಾದ ಗ್ಲಾಸು ಹಿಡಿದಾಗಲೂ ಅವರ ಬಲಗೈಯ ತೋರುಬೆರಳು ಮಡಚುತ್ತಿರಲಿಲ್ಲ. ಉಳಿದ ಬೆರಳುಗಳು ಗ್ಲಾಸನ್ನು ಹಿಡಿದಿರುತ್ತಿದ್ದವು, ಅದೊಂದು ಮಾತ್ರ ಗಾಜಿನ ಮೇಲೆ ನೆಟ್ಟಗೆ ಮಲಗಿರುತ್ತಿತ್ತು. ಛತ್ರಿಯ ಹಿಡಿಕೆಯ ಮೇಲೂ ಹಾಗೆಯೇ, ಬುತ್ತಿಯ ಡಬ್ಬಿಯ ಮೇಲೂ ಹಾಗೆಯೇ. ಬೆರಳಿಗೆ ಎಂದೋ ಪೆಟ್ಟಾಗಿರಬೇಕು ಎಂದು ನಾನು ಮೊದಮೊದಲು ತಿಳಿದಿದ್ದೆ. ಗುಂಡು ಹೊಡೆಯುವ ಹೊತ್ತಿನ ಹೊರತು ಟ್ರಿಗರಿನ ಹತ್ತಿರ ಹೋಗಬಾರದು ಎಂದು ಅದಕ್ಕೆ ಅವರು ಎಷ್ಟು ಕಲಿಸಿದ್ದರೆಂದರೆ, ಗ್ಲಾಸಿಗೆ ಟ್ರಿಗರ್ ಇರುವುದಿಲ್ಲ ಎಂಬುದು ಅದಕ್ಕೆ ಮರೆತುಹೋಗಿತ್ತು.

ಅವರು ವಾಡಿಯಲ್ಲಿ ನಮ್ಮ ಬ್ಯಾಂಕಿನ ಗಾರ್ಡ್. ಊರು ಕಾಳಗಿ. ಫೌಜಿನಿಂದ ನಿವೃತ್ತರಾಗಿ, ಒಂದು ಏಜೆನ್ಸಿಯ ಮೂಲಕ ನಮ್ಮಲ್ಲಿಗೆ ಬಂದಿದ್ದರು. ಎಂ.ಕಾಂ. ಮುಗಿಸಿ ನಾನು ಅಲ್ಲಿಗೆ ಹೊಸ ಅಧಿಕಾರಿಯಾಗಿ ಸೇರಿದಾಗ, ಮ್ಯಾನೇಜರರಿಂದ ಹಿಡಿದು ಚಹಾದವನವರೆಗೆ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ನಾನೂ ಎಂದೆ. ಅವರು ನನ್ನನ್ನು ತಂಗಿ ಎಂದರು.

ಬ್ಯಾಂಕಿನವರು ಅವರಿಗೆ ಕೊಟ್ಟ ಜಾಗ ಕ್ಯಾಶ್ ಕೌಂಟರಿನ ಪಕ್ಕ, ಸಾಲಿನ ಎದುರಿಗೆ. ಅವರು ಎರಡನೆಯ ದಿನವೇ ಸ್ಟೂಲನ್ನು ಬಾಗಿಲ ಪಕ್ಕದ ಮೂಲೆಗೆ ಒಯ್ದರಂತೆ. ಅಲ್ಲಿ ಹಳೆಯ ಎಣ್ಣೆ ಡಬ್ಬವೊಂದರಲ್ಲಿ ಉಸುಕು ತುಂಬಿಟ್ಟು, ಜೋಡುನಳಿಗೆಯ ಬಂದೂಕಿನ ಬಾಯನ್ನು ಸದಾ ಅದರ ಕಡೆಗೇ ಇಟ್ಟುಕೊಂಡು ಕೂಡುತ್ತಿದ್ದರು. ನೆಲದ ಕಡೆಗಿದ್ದರೆ ಸಾಲದೇ ಎಂದು ಕೇಳಿದ್ದೆ. ನಮ್ಮ ಬ್ಯಾಂಕಿನ ನೆಲ ಶಹಾಬಾದಿನ ಫರಸಿ ಕಲ್ಲು. ಕಾರ್ತೂಸಿನೊಳಗಿನ ಸೀಸದ ಕಾಳು ಮಣ್ಣಿಗೆ ಬಿದ್ದರೆ ಅಲ್ಲೇ ಉಳಿಯುತ್ತದೆ, ಫರಸಿಗೆ ಬಿದ್ದರೆ ಎದ್ದು ಮಂದಿಯ ಕಾಲಿಗೆ ಬರುತ್ತದೆ ಎಂದು ವಿವರಿಸಿದರು. ಗಿರಾಕಿಗಳು ಮಾತ್ರ ಆ ಡಬ್ಬವನ್ನು ಗುಟ್ಕಾ ಉಗುಳಲಿಕ್ಕೆ ಇಟ್ಟದ್ದೆಂದೇ ತಿಳಿದಿದ್ದರು. ಅವರು ಬಯ್ಯುತ್ತಿರಲಿಲ್ಲ. ವಾರಕ್ಕೊಮ್ಮೆ ಹೊಸ ಉಸುಕು ತರುತ್ತಿದ್ದರು.

ಸಂಜೆ ಬಂದೂಕನ್ನು ಒಳಗಿಡುವಾಗ ಒಬ್ಬ ಅಧಿಕಾರಿ ಜೊತೆಗಿರಬೇಕಿತ್ತು. ಆ ಕೆಲಸ ನನ್ನ ಪಾಲಿಗೆ ಬಂತು. ಅವರು ನಳಿಗೆಯನ್ನು ಬುಡದ ಕೀಲಿನಲ್ಲಿ ಬಾಗಿಸಿ ಕಾರ್ತೂಸು ತೆಗೆದು, ಎರಡೂ ತೂತಿನಲ್ಲಿ ಕಿರುಬೆರಳು ಹಾಕಿ ನೋಡಿ, ನನಗೂ ಹಾಕಿ ನೋಡಲು ಹೇಳುತ್ತಿದ್ದರು. ಈಗ ತಾನೇ ನೀವು ನೋಡಿದಿರಲ್ಲ ಎಂದರೆ, ತಾನು ನೋಡಿದ್ದು ತನಗಾಯಿತು ಎನ್ನುತ್ತಿದ್ದರು. ಮೊದಲ ವಾರ ಬಂದೂಕು ನನ್ನ ಕೈಯಲ್ಲಿದ್ದಾಗ ಹಿಂದಿನಿಂದ ಕ್ಯಾಶಿಯರ್ ಕರೆದರು, ನಾನು ಓ ಎಂದು ಪೂರ್ತಿ ತಿರುಗಿದೆ. ನಳಿಗೆ ಕ್ಯಾಶಿಯರರ ಹೊಟ್ಟೆಗೆ ನೇರವಾಗುವ ಮುಂಚೆ ಕಾಕಾ ಅದನ್ನು ಹಿಡಿದು ಕೆಳಗೆ ಒತ್ತಿದ್ದರು.

"ಯಾರರೆ ಕರದ್ರ ಮಾರಿ ತಿರುಗಸು ತಂಗಿ," ಎಂದರು. "ಮೈ ತಿರುಗಸಬ್ಯಾಡ."

ಇಷ್ಟು ಎಚ್ಚರವಿರುವವರ ಹಿಂದೆ ಏನೋ ಒಂದು ಘಟನೆ ಇರಲೇಬೇಕು ಎಂದು ಬ್ಯಾಂಕಿನಲ್ಲಿ ಎಲ್ಲರೂ ನಂಬಿದ್ದರು. ಚಿಂಚೋಳಿಯ ಕಾಡಿನಲ್ಲಿ ಹಂದಿ ಬೇಟೆಗೆ ಹೋಗಿ ಸ್ವಂತ ಭಾವನನ್ನೇ ಹೊಡೆದರಂತೆ ಎಂದು ಕ್ಯಾಶಿಯರ್ ಒಂದು ಕಥೆಯನ್ನೂ ಕಟ್ಟಿದ್ದರು. ನಾನು ಒಮ್ಮೆ ನೇರವಾಗಿ ಕೇಳಿದೆ. ಅವರಿಗೆ ನಗು ಬಂತು.

"ನನ್ನ ಕೈಲಿ ಏನೂ ಆಗಿಲ್ಲ. ಆಗಬಾರ್ದಂತನೇ ಹಿಂಗ ಮಾಡೂದು. ಖರೆ ಏನೂ ಆಗಿಲ್ಲ ಅಂದ್ರ ಮಂದಿಗಿ ಭಾಳ ಬ್ಯಾಸರ ನೋಡು."

ಆ ವರ್ಷದ ದಸರೆಗೆ ಖಂಡೇ ಪೂಜೆ ಬ್ಯಾಂಕಿನಲ್ಲಿ ದೊಡ್ಡದಾಗಿಯೇ ಆಯಿತು. ನೋಟು ಎಣಿಸುವ ಯಂತ್ರ, ಕಂಪ್ಯೂಟರು, ಮುದ್ರೆಗಳು, ಎಲ್ಲಕ್ಕೂ ಕುಂಕುಮ ಹಚ್ಚಿ, ನಡುವೆ ಮೇಜಿನ ಮೇಲೆ ಬಂದೂಕು ಮಲಗಿಸಿ ಚೆಂಡುಹೂವಿನ ಸರ ಹಾಕಿದ್ದರು. ಕಾರ್ತೂಸುಗಳನ್ನು ಕಾಕಾ ಬೆಳಿಗ್ಗೆಯೇ ತೆಗೆದು ನನ್ನ ಕೈಗೆ ಕೊಟ್ಟಿದ್ದರು. ಬಂದೂಕಿನ ಬಾಯಿ ಮಾತ್ರ ನಮ್ಮ ಕಡೆಗಿತ್ತು. ಕೈಮುಗಿಯುವವರೆಲ್ಲ ಅದರ ಎದುರಿಗೇ ಬಾಗಬೇಕಿತ್ತು. ಅದನ್ನು ಗೋಡೆಯ ಕಡೆ ತಿರುಗಿಸೋಣ ಎಂದು ಕಾಕಾ ಮೆಲ್ಲಗೆ ಹೇಳಿದರು. ದೇವರನ್ನು ಯಾರಾದರೂ ಗೋಡೆಗೆ ಮುಖಮಾಡಿ ಕೂಡಿಸುತ್ತಾರೆಯೇ ಎಂದು ಮ್ಯಾನೇಜರ್ ಕೇಳಿದರು. ಎಲ್ಲರೂ ನಕ್ಕರು. ನಾನೂ ಸ್ವಲ್ಪ ನಕ್ಕೆ. ಆರತಿಯಾಗುವವರೆಗೆ ಕಾಕಾ ಮೇಜಿನ ಪಕ್ಕಕ್ಕೇ ನಿಂತಿದ್ದರು, ಕೈಮುಗಿಯಲು ಎದುರಿಗೆ ಬರಲಿಲ್ಲ.

ಆರತಿ ಮುಗಿದ ಮೇಲೆ ಫೋಟೋ. ಸಿಬ್ಬಂದಿಯೆಲ್ಲ ಸಾಲಾಗಿ ನಿಂತೆವು. ಇಬ್ಬರು ದೊಡ್ಡ ಗಿರಾಕಿಗಳೂ ಬಂದಿದ್ದರು. ಮ್ಯಾನೇಜರ್ ಖುಷಿಯಲ್ಲಿ ಬಂದೂಕನ್ನು ಎತ್ತಿ, ಭುಜಕ್ಕೆ ಆನಿಸಿ, ಒಂದು ಕಣ್ಣು ಮುಚ್ಚಿ, ಸಾಲಿನ ಆ ತುದಿಯಿಂದ ಈ ತುದಿಗೆ ನಮ್ಮೆಲ್ಲರ ಮೇಲೆ ಹಾಯಿಸಿದರು. ಕೆಲವರು ಹೆದರಿದಂತೆ ನಟಿಸಿ ಕೈ ಎತ್ತಿದರು. ಎರಡು ತೂತು ನನ್ನ ಮುಖದ ಎದುರಿಗೆ ಬಂದು ನಿಂತದ್ದು ನನಗೆ ನೆನಪಿದೆ. ಅವು ಖಾಲಿ ಎಂದು ನನಗಿಂತ ಚೆನ್ನಾಗಿ ಬಲ್ಲವರು ಅಲ್ಲಿ ಒಬ್ಬರೇ ಇದ್ದರು, ಅವರೇ ಮುಂದೆ ಬಂದು ನಳಿಗೆಯನ್ನು ಸೂರಿನ ಕಡೆಗೆ ದೂಡಿದರು.

"ಸಾಹೇಬ್ರ, ಎದುರಿಗಿ ಮಂದಿ ಅದಾರ."

"ಖಾಲಿ ಅದ ಅಲ್ಲೋ ಮಾರಾಯಾ."

"ಖಾಲಿ ಅದ ಅಂತನೇ ನೀವು ಹಿಂಗ ಹಿಡದೀರಿ," ಎಂದು ಹೇಳಿ ಬಂದೂಕನ್ನು ಅವರ ಕೈಯಿಂದ ಬಿಡಿಸಿಕೊಂಡರು. ಹೂವಿನ ಸರ ಹರಿದು ಫರಸಿಯ ಮೇಲೆ ಬಿತ್ತು. ಫೋಟೋ ಆಗಲಿಲ್ಲ.

ಎರಡು ದಿನದಲ್ಲಿ ಏಜೆನ್ಸಿಗೆ ಹೋಗಬೇಕಾದ ದೂರು ಸಿದ್ಧವಾಯಿತು. ಗಾರ್ಡ್ ಸಾರ್ವಜನಿಕರ ಸಮ್ಮುಖದಲ್ಲಿ ಬಂದೂಕನ್ನು ಸಿಬ್ಬಂದಿಯತ್ತ ತಿರುಗಿಸಿ ಉದ್ಧಟತನದಿಂದ ವರ್ತಿಸಿದರು, ಅವರನ್ನು ಕೆಲಸದಿಂದ ತೆಗೆಯಬೇಕು ಎಂದು ಅದರಲ್ಲಿತ್ತು. ಕೆಳಗೆ ಸಾಕ್ಷಿಗಳ ಸಹಿಗೆ ಐದು ಗೆರೆ. ನಾಲ್ಕು ತುಂಬಿದ್ದವು. ಮ್ಯಾನೇಜರ್ ನನ್ನನ್ನು ಹೆದರಿಸಲಿಲ್ಲ. ಪೆನ್ನು ಕೊಡುತ್ತ, ನಿಮ್ಮ ಪ್ರೊಬೇಷನ್ ಮುಗಿಯಲಿಕ್ಕೆ ಬಂತಲ್ಲ ಎಂದು ಮಾತ್ರ ಅಂದರು. ನಾನು ಪ್ರತಿ ಸಾಲನ್ನೂ ಓದಿದೆ. ಖಾಲಿ ಬಂದೂಕಿಗೆ ಅಷ್ಟು ರಂಪ ಮಾಡಬೇಕಿರಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಸಹಿ ಮಾಡಿದೆ.

ಆಮೇಲಿನ ಹತ್ತು ದಿನ ನನಗೆ ಒಂದು ಕಡೆ ಕೂಡಲಾಗಲಿಲ್ಲ. ನೀರು ಕುಡಿಯಲು ಎದ್ದವಳು ಕುಡಿಯದೆ ಬರುತ್ತಿದ್ದೆ. ಸಂಜೆ ಕಾಕಾ ಎಂದಿನಂತೆ ನಳಿಗೆ ಬಾಗಿಸಿ ನನ್ನ ಮುಂದೆ ಹಿಡಿದರೆ, ಬೆರಳು ಹಾಕಿ ನೋಡುತ್ತಿದ್ದೆ, ಮುಖ ನೋಡುತ್ತಿರಲಿಲ್ಲ. ಹನ್ನೊಂದನೆಯ ದಿನ ಅವರು ಸಮವಸ್ತ್ರವಿಲ್ಲದೆ, ಬಿಳಿ ಅಂಗಿಯಲ್ಲಿ ಬಂದರು. ಏಜೆನ್ಸಿಯವರು ಕರೆದು ಕಾಗದ ತೋರಿಸಿ, ನಾಳೆಯಿಂದ ಬರಬೇಡ ಎಂದಿದ್ದರು. ಎಲ್ಲರಿಗೂ ನಮಸ್ಕಾರ ಹೇಳಿ ಕೊನೆಗೆ ನನ್ನ ಮೇಜಿಗೆ ಬಂದರು.

"ಮೇಡಮ್ರ, ಆ ಕಾಗದಾ ಓದಿ ಸಹಿ ಮಾಡೀರೋ, ಓದಲಾರ್ದೋ?"

ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ಓದಿಲ್ಲ ಎಂದಿದ್ದರೆ ಅವರಿಗೂ ನನಗೂ ಸುಲಭವಾಗುತ್ತಿತ್ತು. ಓದಿದ್ದೆ ಎಂದೆ.

"ಛಲೋ ಆಯ್ತು. ಓದಿದವ್ರಿಗಿ ನೆನಪಿರ್ತದ," ಎಂದು ಹೇಳಿ ಹೊರಗೆ ಹೋದರು.

ಮುಂದಿನದನ್ನು ಇಲ್ಲೇ ಹೇಳಿಬಿಡುತ್ತೇನೆ. ಅವರ ಮೇಲಿನ ದೂರು ಎರಡು ತಿಂಗಳ ಮೇಲೆ ರದ್ದಾಯಿತು. ಆದರೆ ಆ ಕೆಲಸ ಮರಳಿ ಸಿಗಲಿಲ್ಲ. ಏಜೆನ್ಸಿ ಅವರನ್ನು ಸೇಡಂನ ಒಂದು ಎಟಿಎಂಗೆ ಹಾಕಿತು, ಬಂದೂಕಿಲ್ಲದೆ, ಬರೀ ಕೋಲು ಕೊಟ್ಟು. ಕಳೆದ ಬೇಸಿಗೆಯಲ್ಲಿ ಕಾಳಗಿಯಲ್ಲಿ ತೀರಿಕೊಂಡರು. ನಾನು ಹೋಗಿದ್ದೆ. ಬಾಗಿಲಲ್ಲಿ ಹೆಸರು ಹೇಳಿದಾಗ ಅವರ ಹೆಂಡತಿ, "ಹಾಂ, ವಾಡಿ ತಂಗಿ" ಎಂದು ಒಳಗೆ ಕರೆದು ಕೂಡಿಸಿದರು. ಕಾಕಾ ಮನೆಯಲ್ಲಿ ನನ್ನನ್ನು ಕೊನೆಯವರೆಗೂ ಹಾಗೇ ಕರೆದದ್ದು ಕ್ಷಮೆಯೋ, ಬರೀ ರೂಢಿಯೋ, ನನಗೆ ಇಂದಿಗೂ ತಿಳಿದಿಲ್ಲ. ಯಾರಲ್ಲಿ ಕೇಳಬೇಕೋ ಅದೂ ತಿಳಿದಿಲ್ಲ.

ಅವರು ಬಿಳಿ ಅಂಗಿಯಲ್ಲಿ ಬಂದು ಹೋದ ಮರುದಿನ ಬೆಳಿಗ್ಗೆ ನಾನು ಬ್ಯಾಂಕಿಗೆ ಹೋಗಲಿಲ್ಲ. ವಾಡಿ ಸ್ಟೇಷನ್ನಿನ ಬೆಂಚಿನ ಮೇಲೆ ಕುಳಿತು ಒಂದು ಹಾಳೆ ಬರೆದೆ. ಬಂದೂಕನ್ನು ನಮ್ಮತ್ತ ತಿರುಗಿಸಿದವರು ಮ್ಯಾನೇಜರ್, ಗಾರ್ಡ್ ಅದನ್ನು ಮೇಲಕ್ಕೆ ದೂಡಿದರು, ನಾನು ಅದರ ಎದುರಿಗೇ ನಿಂತಿದ್ದೆ, ಹಿಂದಿನ ಹೇಳಿಕೆ ಸುಳ್ಳೆಂದು ಗೊತ್ತಿದ್ದೇ ಸಹಿ ಮಾಡಿದೆ. ಇಷ್ಟೇ. ಕಲಬುರಗಿಗೆ ಹೋಗುವ ಗಾಡಿ ಹತ್ತಿದೆ. ನಮ್ಮ ಪ್ರಾದೇಶಿಕ ಕಚೇರಿ ಇನ್ನೂ ತೆರೆದಿರಲಿಲ್ಲ, ಮೆಟ್ಟಿಲ ಮೇಲೆ ಕಾದೆ. ಗುಮಾಸ್ತರು ಬಂದು, ಇದನ್ನು ನಿಮ್ಮ ಮ್ಯಾನೇಜರ್ ಮೂಲಕ ಕಳಿಸಬೇಕಲ್ಲ ಎಂದರು. ತಲುಪಿದ್ದಕ್ಕೆ ಇಲ್ಲೇ ಮುದ್ರೆ ಒತ್ತಿ ಕೊಡಿ ಎಂದು ಹೇಳಿ, ಒತ್ತಿ ಕೊಡುವವರೆಗೆ ಅವರ ಮೇಜಿನ ಮುಂದೆ ನಿಂತೇ ಇದ್ದೆ.