ಸಣ್ಣ ಬ್ಯಾಟರಿ, ನೂಲಿನ ಚೀಲ

ನಮ್ಮ ಯಜಮಾನರ ಮೇಲೆ ನನಗೆ ಸಿಟ್ಟು ಬಂದದ್ದು ಕರೆಂಟಿನ ಕಾರು ಕೊಂಡಾಗ ಅಲ್ಲ. ಕೊಂಡಾಗ ನಾನೂ ಹೂಂ ಅಂದಿದ್ದೆ. ಷೋರೂಮಿನಲ್ಲಿ ಅದೇ ಕಾರಿಗೆ ಎರಡು ಬಗೆಯ ಬ್ಯಾಟರಿ ಇದ್ದವು, ಒಂದು ಸಣ್ಣದು, ಒಂದು ದೊಡ್ಡದು. ಬನಹಟ್ಟಿಯಿಂದ ಜಮಖಂಡಿ, ಹೆಚ್ಚೆಂದರೆ ಮುಧೋಳ, ಇಷ್ಟು ತಿರುಗಾಟಕ್ಕೆ ದೊಡ್ಡದು ಯಾಕೆ ಎಂದು ಅವರು ಕೇಳಿದಾಗ ನನಗೂ ಸರಿ ಕಂಡಿತು, ಸಣ್ಣದನ್ನೇ ಕೊಂಡೆವು. ಮಗ್ಗದ ಶೆಡ್ಡಿನ ಗೋಡೆಗೆ ಒಂದು ಪ್ಲಗ್ಗು ಹಾಕಿಸಿದೆವು. ಮಲಗುವಾಗ ಚುಚ್ಚಿಟ್ಟರೆ ಬೆಳಗಿಗೆ ತುಂಬಿರುತ್ತಿತ್ತು. ನಾನು ಡ್ರೈವಿಂಗ್ ಕಲಿತದ್ದೂ ಅದರಲ್ಲೇ. ಗೇರಿಲ್ಲ, ಸದ್ದಿಲ್ಲ, ಪವರ್‌ಲೂಮಿನ ಗದ್ದಲದಲ್ಲಿ ಬದುಕುವವಳಿಗೆ ಅದೊಂದು ಸುಖ.

ಸಿಟ್ಟು ಬಂದದ್ದು ಆ ಊರೊಳಗಿನ ಕಾರನ್ನು ದಾವಣಗೆರೆಗೆ ಹೊಡೆದಾಗ. ಅಲ್ಲಿ ಗಂಡನ ಮನೆಯಲ್ಲಿದ್ದ ಮಗಳಿಗೆ ಆಗ ಏಳು ತಿಂಗಳು, ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕರೆತರಬೇಕಿತ್ತು. ತನ್ನ ಗೆಳೆಯನ ದೊಡ್ಡ ಗಾಡಿ ಕಳಿಸಿಕೊಡುತ್ತೇನೆ ಎಂದು ಅಳಿಯ ತಾನಾಗಿ ಫೋನು ಮಾಡಿ ಹೇಳಿದ. ಇವರು ಒಪ್ಪಲಿಲ್ಲ. ಮನೆ ಮುಂದೆ ಸ್ವಂತ ಕಾರು ನಿಂತಿರುವಾಗ ಮಗಳು ಬೇರೆಯವರ ಗಾಡಿಯಲ್ಲಿ ಬಂದರೆ ಓಣಿಯಲ್ಲಿ ಮುಖ ತೋರಿಸುವುದು ಹೇಗೆ ಎಂಬುದು ಅವರ ಚಿಂತೆ.

ಅದರ ಮೇಲೆ ನಮ್ಮ ನೇಕಾರರ ಚಾಳಿ ಬೇರೆ. ನಮ್ಮೂರಿನಿಂದ ಯಾವ ಗಾಡಿಯೂ ಖಾಲಿ ಹೊರಡುವುದಿಲ್ಲ, ಖಾಲಿ ಬರುವುದೂ ಇಲ್ಲ. ಮದುವೆಗೆ ಹೊರಟರೂ ಡಿಕ್ಕಿಯಲ್ಲಿ ಯಾರದೋ ಸೀರೆಯ ಗಂಟು ಇರುತ್ತದೆ. ದವಾಖಾನೆಯಿಂದ ಬಂದರೂ ಜೊತೆಗೆ ನೂಲು ಬರುತ್ತದೆ. ಡೀಸೆಲ್ ಗಾಡಿಯ ಕಾಲದಲ್ಲಿ ಆ ಭಾರ ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. ಈ ಕಾರಿನಲ್ಲಿ ಅದು ಎದುರಿನ ಪರದೆಯಲ್ಲೇ ಬ್ಯಾಟರಿಯ ಪರ್ಸೆಂಟಾಗಿ ಇಳಿಯುತ್ತದೆ. ಹೋಗುವಾಗ ಸೀರೆ ಇದ್ದವು, ಹೇಗೋ ಹೋಗಿ ಮುಟ್ಟಿದೆವು. ಬರುವ ದಿನ ಬೀಗರ ಮನೆಯಿಂದ ಕೆಳಗಿಳಿದು ನೋಡುತ್ತೇನೆ, ಡಿಕ್ಕಿಯ ತುಂಬ, ಹಿಂದಿನ ಸೀಟಿನ ಅರ್ಧಕ್ಕೂ ನೂಲಿನ ಚೀಲ. ಬಸುರಿ ಕಾಲು ಚಾಚುವುದೆಲ್ಲಿ ಎಂದು ಕೇಳಿದೆ. ನೂಲು ಹಗುರ ಎಂದರು ಇವರು. ನಾನು ಕೇಳಿದ್ದು ಅದಲ್ಲ.

ಷೋರೂಮಿನವರು ಹೇಳುವ ಕಿಲೋಮೀಟರು ಯಾವ ಲೋಕದ್ದೋ ನನಗೆ ಗೊತ್ತಿಲ್ಲ. ಒಬ್ಬರೇ ಕೂತು, ಏಸಿ ಹಚ್ಚದೆ, ತಂಪು ಹೊತ್ತಿನಲ್ಲಿ ನಿಧಾನಕ್ಕೆ ಓಡಿಸಿದರೆ ಬಂದೀತು. ಯುಗಾದಿಯ ಬಿಸಿಲು, ಹೈವೇಯ ವೇಗ, ಎದುರು ಗಾಳಿ, ಮೂರು ಜನ, ಮೇಲೆ ನೂಲು. ಸಣ್ಣ ಬ್ಯಾಟರಿ ಬೇಗ ಕೈಚೆಲ್ಲಿತು. ದೊಡ್ಡ ಬ್ಯಾಟರಿಯೇನು ದೇವರಲ್ಲ, ಅದನ್ನು ತುಂಬಿಸುವುದಕ್ಕೂ ಹೊತ್ತು ಹಿಡಿಯುತ್ತದೆ. ಆದರೆ ಅದಿದ್ದವರು ತಮಗೆ ಬೇಕಾದಲ್ಲಿ ನಿಲ್ಲುತ್ತಾರೆ, ಸಣ್ಣದಿದ್ದವರು ಅದಕ್ಕೆ ಬೇಕಾದಲ್ಲಿ ನಿಲ್ಲಬೇಕು. ದೂರದ ದಾರಿಯಲ್ಲಿ ಮನುಷ್ಯರಿಗೆ ಮುಟ್ಟುವ ವ್ಯತ್ಯಾಸ ಅದು.

ಹುಬ್ಬಳ್ಳಿಯಲ್ಲಿ ಚಾರ್ಜಿಂಗಿಗೆ ಟ್ಯಾಕ್ಸಿಗಳ ಸಾಲು ಇತ್ತು. ಕಾಯ್ದು ಸಾಕಾಗಿ ಅರೆಬರೆ ತುಂಬಿಸಿಕೊಂಡು ಹೊರಟೆವು. ದಾರಿಯಲ್ಲಿ ಒಂದು ಧಾಬಾ ಕಂಡಾಗ ಮಗಳು ಸ್ವಲ್ಪ ನಿಲ್ಲಿಸಲು ಕೇಳಿದಳು. ಮುಂದೆಯೇ ಚಾರ್ಜರ್ ಇದೆ, ಎಲ್ಲ ಅಲ್ಲೇ ಮುಗಿಸೋಣ ಎಂದರು ಇವರು. ಮುಂದಿನ ಚಾರ್ಜರು ಕೆಟ್ಟು ಕೂತಿತ್ತು, ಅಲ್ಲಿ ಬೇರೇನೂ ಇರಲಿಲ್ಲ. ಅಲ್ಲಿಂದ ಏಸಿ ಬಂದ್. ಕಿಟಕಿ ಪೂರ್ತಿ ಇಳಿಸಿದರೆ ಗಾಳಿಗೆ ಚಾರ್ಜು ಹೋಗುತ್ತದೆಂದು ಅದನ್ನೂ ಅರ್ಧಕ್ಕೆ ಏರಿಸಿದರು. ಲೋಕಾಪುರದ ಮೇಲೆ ಮುಧೋಳದ ದಾರಿ ಹಿಡಿದಿದ್ದರೆ ಮನೆ ಹತ್ತಿರವಾಗುತ್ತಿತ್ತು. ಆದರೆ ಫೋನಿನಲ್ಲಿ ಚಾರ್ಜರ್ ತೋರಿಸಿದ್ದು ಬೀಳಗಿ ಕಡೆಗೆ. ಕಾರಿಗೆ ಬೇಕೆಂದು ಬಸುರಿಯನ್ನು ಸುತ್ತು ದಾರಿಯಲ್ಲಿ ಕುಲುಕಿಸಿಕೊಂಡು ಹೋದರು.

ಬೀಳಗಿಯಲ್ಲಿ ರಸ್ತೆ ಬದಿಯ ಹೋಟೆಲಿನ ಮುಂದೆ ಚಾರ್ಜರ್ ಇತ್ತು, ನಡೆಯುತ್ತಲೂ ಇತ್ತು. ಇವರು ಇಳಿದವರೇ ಮೊದಲು ಕಾರಿಗೆ ಚುಚ್ಚಿದರು. ಹೋಟೆಲಿನಲ್ಲಿ ಗಂಡಸರಿಗೆ ಹಿತ್ತಲ ಗೋಡೆ ಇತ್ತು, ಹೆಂಗಸರಿಗೆ ಏನೂ ಇರಲಿಲ್ಲ. ಮಗಳ ಕೈಹಿಡಿದು ರಸ್ತೆ ದಾಟಿಸಿ ಎದುರಿಗಿದ್ದ ಕುರುಬರ ಮನೆಗೆ ಹೋದೆ. ಅಂಗಳದಲ್ಲಿ ಕುರಿಮರಿಗಳಿಗೆ ಸೊಪ್ಪು ಹಾಕುತ್ತಿದ್ದ ಹೆಂಗಸು ಏನೂ ಕೇಳದೆ ಹಿಂದಿನ ಬಚ್ಚಲು ತೋರಿಸಿದರು, ಹೊರಸಿನ ಮೇಲೆ ಕಂಬಳಿ ಹಾಸಿದರು, ತಂಬಿಗೆಯಲ್ಲಿ ನೀರು ತಂದರು. ಮಗಳು ಎತ್ತಿದ ತಂಬಿಗೆಯನ್ನು ಇಳಿಸದೆ ಕುಡಿದಳು. ಕಾರಿನಲ್ಲಿ ಬಾಟಲಿ ಇತ್ತಲ್ಲ ಎಂದೆ.

"ಕುಡದ್ರ ಮತ್ತ ನಿಲ್ಲಸು ಅಂತ ಹೇಳಬೇಕಾಗತೈತಿ ಅವ್ವಾ," ಎಂದಳು. "ಅಪ್ಪ ಆ ಪರ್ಸೆಂಟ್ ನೋಡಿ ಒದ್ದಾಡಾಕತ್ತಿದ್ದ. ಮುಂಜಾನಿಂದ ಒಂದ್ ಗುಟುಕೂ ಕುಡದಿಲ್ಲ."

ಬ್ಯಾಟರಿಯಲ್ಲಿ ಕಡಿಮೆ ಬಿದ್ದದ್ದನ್ನು ನನ್ನ ಮಗಳು ತನ್ನ ಮೈಯಿಂದ ತುಂಬಿಕೊಟ್ಟಿದ್ದಳು, ಹೊಟ್ಟೆಯಲ್ಲಿದ್ದ ಕೂಸಿನದನ್ನೂ ಸೇರಿಸಿ. ಅವಳ ಕಾಲು ಮುಟ್ಟಿ ನೋಡಿದೆ, ಬಾತಿದ್ದವು. ಅವಳನ್ನು ಹೊರಸಿನ ಮೇಲೆ ಮಲಗಿಸಿ ರಸ್ತೆ ದಾಟಿ ಬಂದೆ.

ಇವರು ಲೆಕ್ಕ ಹಾಕುತ್ತ ನಿಂತಿದ್ದರು. ಇನ್ನು ಸ್ವಲ್ಪ ತುಂಬಿದರೆ ಸಾಕಂತೆ, ಏಸಿ ಹಚ್ಚದಿದ್ದರೆ ನೂಲಿನ ಸಮೇತ ಮನೆ ಮುಟ್ಟಬಹುದಂತೆ. ನಾನು ಡಿಕ್ಕಿ ತೆಗೆದು ಚೀಲ ಎಳೆದೆ. ಒಂದೊಂದನ್ನೂ ಹೋಟೆಲಿನ ಕಟ್ಟೆಯ ಮೇಲೆ ಒಗೆದೆ. ಜನ ನೋಡುತ್ತಿದ್ದಾರೆ ಎಂದು ಅವರು ಹಲ್ಲು ಕಚ್ಚಿ ಪಿಸುಗುಟ್ಟಿದರು. ನೋಡಲಿ ಎಂದೆ. ಸೀಟಿನ ಮೇಲಿನವೂ ಕೆಳಗಿಳಿದ ಮೇಲೆ ಕೀಲಿಗೆ ಕೈ ಚಾಚಿದೆ.

"ನೂಲಿನ ಸಂಗಡ ನೀವು ಇಲ್ಲೇ ಕುಂದರ್ರಿ. ಟೆಂಪೋ ಸಿಕ್ಕರ ಹಾಕ್ಕೊಂಡು ಬರ್ರಿ. ಸಿಗಲಿಲ್ಲಂದ್ರ ಇಲ್ಲೇ ಮಗ್ಗ ಹೂಡ್ರಿ."

ಅವರು ಒಮ್ಮೆ ಚೀಲಗಳತ್ತ, ಒಮ್ಮೆ ಎದುರು ಮನೆಯತ್ತ ನೋಡಿದರು. ಕೀಲಿ ಕೊಟ್ಟರು.

ಸಾಕಷ್ಟು ತುಂಬಿದ ಮೇಲೆ ಮಗಳನ್ನು ಹಿಂದಿನ ಸೀಟಿನಲ್ಲಿ ಉದ್ದಕ್ಕೆ ಮಲಗಿಸಿ, ಏಸಿ ಜೋರಾಗಿ ಹಚ್ಚಿ ಹೊರಟೆ. ಜಮಖಂಡಿ ಬರುವಷ್ಟರಲ್ಲಿ ಅವಳು ಕೇಳಿದಲ್ಲೆಲ್ಲ ನಿಲ್ಲಿಸಿದೆ. ಒಂದು ಸಲ ಅವಳಿಗೆ ಏನೂ ಬೇಕಿರಲಿಲ್ಲ. ಸುಮ್ಮನೆ ಇಳಿದು ಬೇವಿನ ಮರದ ಕೆಳಗೆ ನಿಂತಳು. ನಾನೂ ಪಕ್ಕದಲ್ಲಿ ನಿಂತೆ. ಪರ್ಸೆಂಟು ಎಷ್ಟಿದೆ ಎಂದು ಇಬ್ಬರೂ ನೋಡಲಿಲ್ಲ.

ಹೊತ್ತು ಮುಳುಗುವ ಮುಂಚೆ ಬನಹಟ್ಟಿ ಮುಟ್ಟಿದೆವು. ನಮ್ಮ ಓಣಿಯಲ್ಲಿ ಊರಿಂದ ಬಂದ ಗಾಡಿಯ ಸುತ್ತ ಜನ ಸೇರುವುದು ಮೊದಲು ಡಿಕ್ಕಿ ನೋಡಲು. ಪಕ್ಕದ ಮಗ್ಗದ ಮಾಲೀಕರು ಬಂದು ಗಾಜಿನಲ್ಲಿ ಇಣುಕಿ, ಗಾಡಿ ಖಾಲಿ ಬಂದಿದೆಯಲ್ಲ, ಏನೂ ತರಲಿಲ್ಲವೇ ಎಂದು ಕೇಳಿದರು. ನಾನು ಹಿಂದಿನ ಬಾಗಿಲು ತೆಗೆದೆ.

"ಮಗಳನ್ನ ತಂದೀನ್ರಿ," ಎಂದೆ. "ಅತ್ತ ಸರೀರಿ, ಮೊದಲ ನೀರ ಕುಡೀಲಿ."